ದೀಪದ ಬೆಳಕಿಗೆ ಹಳೆಯ ಮಸೂರ

ಬಳ್ಳಾರಿ ಸೀಮೆಯಲ್ಲಿ ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ, ಊರಮುಂದಿನ ಬಯಲಿನಲ್ಲಿ ಅಟ್ಟ ಕಟ್ಟಿ ಬೆಳಗಾಗುವತನಕ ಆಡುವ ಬಯಲಾಟವನ್ನಾಗಲಿ, ಬಿಳಿಯ ಪರದೆಯ ಹಿಂದೆ ದೀಪವಿಟ್ಟು ಆಡಿಸುವ ತೊಗಲುಗೊಂಬೆಯಾಟವನ್ನಾಗಲಿ ವಿಡಿಯೊದಲ್ಲಿ ಹಿಡಿದಿಡಬೇಕೆಂದು ಹೊರಡುವವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ, ರಂಗದ ಎರಡೂ ಬದಿಗೆ ಸ್ಟ್ಯಾಂಡುಗಳನ್ನು ನಿಲ್ಲಿಸಿ ಕಣ್ಣು ಕೋರೈಸುವ ಫೋಕಸ್ ಲೈಟುಗಳನ್ನು ಹಚ್ಚುವುದು. ಹಚ್ಚಿದೊಡನೆ ವೇಷಧಾರಿಯ ಕಿರೀಟದ ಬೇಗಡೆಯೂ ಭುಜಕೀರ್ತಿಯ ಕನ್ನಡಿಚೂರುಗಳೂ ಮಿನುಗುವುದನ್ನು ಬಿಟ್ಟು ಬರಿದೆ ಬೆಳ್ಳಗಾಗಿ ಬಿಡುತ್ತವೆ. ತೊಗಲುಗೊಂಬೆಯ ವಿಷಯದಲ್ಲಂತೂ ಹಾನಿ ಇನ್ನೂ ಹೆಚ್ಚಿನದು. ಹದಮಾಡಿದ ಚರ್ಮದ ಮೂಲಕ ಹಿಂದಿನಿಂದ ಸೋಸಿಬರುವ ಕೆಂಪು, ಹಸಿರು, ಕಪ್ಪುಗಳ ಸೊಗಸೆಲ್ಲವೂ ಮುಂದಿನಿಂದ ಬಿದ್ದ ಬೆಳಕಿನ ರಭಸಕ್ಕೆ ಅಳಿಸಿಹೋಗಿ, ದಾಖಲೆಯಲ್ಲಿ ಉಳಿಯುವುದು ಒಂದು ಮಾಸಿದ ಬಟ್ಟೆ ಮತ್ತು ಅದರ ಮೇಲೆ ಓಡಾಡುವ ಕೆಲವು ಮಂಕು ಆಕಾರಗಳು ಮಾತ್ರ. ಇರುಳಿಗಾಗಿಯೇ ಹುಟ್ಟಿದ ಕಲೆಯನ್ನು ಹಗಲು ಮಾಡಿ ತೋರಿಸುವ ಈ ಪದ್ಧತಿ ಅನಿವಾರ್ಯವಲ್ಲವೆಂದೂ, ಅದನ್ನು ತಪ್ಪಿಸುವ ಸಾಧನ ನಮ್ಮ ಸ್ಟುಡಿಯೊಗಳ ಬೀರುಗಳಲ್ಲಿಯೂ ಗುಜರಿ ಅಂಗಡಿಗಳಲ್ಲಿಯೂ ಅಗ್ಗವಾಗಿ ದೊರೆಯಬಹುದೆಂದೂ ಹೇಳುವುದು ಈ ಲೇಖನದ ಉದ್ದೇಶ.

ದೀಪ ಹಚ್ಚುವವರಲ್ಲಿ ದೋಷವಿಲ್ಲ. ದೋಷವಿರುವುದು ಕ್ಯಾಮೆರಾದೊಡನೆ ಬರುವ ಲೆನ್ಸಿನಲ್ಲಿ. ಇಂದು ಮದುವೆ ಮುಂಜಿಗಳ ಚಿತ್ರೀಕರಣಕ್ಕೆ ಬಳಕೆಯಲ್ಲಿರುವ ಮಿರರ್‌ಲೆಸ್ ಕ್ಯಾಮೆರಾಗಳ ಜೊತೆಯಲ್ಲಿ ಕೊಡುವ ಜೂಮ್ ಲೆನ್ಸು, ದೂರವನ್ನು ಹತ್ತಿರಕ್ಕೆ ಎಳೆದಾಗ, ಬಹುಮಟ್ಟಿಗೆ ಎಫ್/5.6ಕ್ಕಿಂತ ಹೆಚ್ಚಿಗೆ ತೆರೆದುಕೊಳ್ಳಲಾರದು. ಎಫ್ ಎಂಬ ಈ ಸಂಖ್ಯೆ ಲೆನ್ಸಿನ ಸಂಗಮದೂರವನ್ನು ಅದರ ಕಂಡಿಯ ವ್ಯಾಸದಿಂದ ಭಾಗಿಸಿ ಬಂದದ್ದಾದಕಾರಣ, ಸಂಖ್ಯೆ ಕಿರಿದಾದಷ್ಟೂ ಕಂಡಿ ಹಿರಿದು. ಒಳಹೊಗುವ ಬೆಳಕು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ಎಫ್/1.4ರ ಲೆನ್ಸು ಎಫ್/5.6ರ ಲೆನ್ಸಿಗಿಂತ 16 ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಎಫ್/5.6ರಲ್ಲಿ ಸೆನ್ಸರಿನ ಸಂವೇದನೆಯ ಅಳತೆಯಾದ ಐಎಸ್ಒವನ್ನು 12800ಕ್ಕೆ ಏರಿಸಿ, ಮರಳು ಎರಚಿದಂತೆ ಕಾಣುವ ಚಿತ್ರವನ್ನು ಪಡೆಯಬೇಕಾದ ರಂಗವನ್ನು, ಎಫ್/1.4ರಲ್ಲಿ ಐಎಸ್ಒ 800ರಲ್ಲಿಯೇ ನಿರ್ಮಲವಾಗಿ ಪಡೆಯಬಹುದು. ಹೊಸದಾಗಿ ಕೊಳ್ಳಹೋದರೆ ಇಷ್ಟು ತೆರೆಯುವ ಉತ್ತಮ ಲೆನ್ಸು ಹಲವೊಮ್ಮೆ ಕ್ಯಾಮೆರಾದ ಬೆಲೆಯನ್ನೇ ಮೀರುವುದುಂಟು. ಹಳೆಯದಾದರೆ, ಅಥವಾ ಕಾವಲಿನ ಕ್ಯಾಮೆರಾಕ್ಕೆಂದು ಮಾಡಿದ್ದಾದರೆ, ಕೆಲವೇ ಸಾವಿರ ರೂಪಾಯಿಗಳಲ್ಲಿ ಕಾರ್ಯ ಮುಗಿಯುತ್ತದೆ.

ಬೆಳಕು ಸಾಲದೆಂಬ ಕೊರತೆ ಈ ಸೀಮೆಯ ಛಾಯಾಗ್ರಹಣಕ್ಕೆ ಹೊಸತಲ್ಲ. ಬಳ್ಳಾರಿಯ ದಂಡಿನಲ್ಲಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರ ಸುಮಾರಿನಲ್ಲಿ ಹಂಪೆಯ ಅವಶೇಷಗಳನ್ನು ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವುಗಳ ಮೇಲೆ ಮೂಡಿಸಿದನು. ಅಂದಿನ ಕಾಗದ ಉರಿಬಿಸಿಲಿನಲ್ಲಿಯೂ ನಿಮಿಷಗಟ್ಟಲೆ ಬೆಳಕನ್ನು ಬೇಡುತ್ತಿದ್ದುದರಿಂದ, ಕಲ್ಲಿನಂತೆ ನಿಶ್ಚಲವಾದದ್ದು ಮಾತ್ರ ಅದರಲ್ಲಿ ಸ್ಫುಟವಾಗಿ ನಿಲ್ಲಬಲ್ಲುದಾಗಿತ್ತು. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವವೇ ಸ್ಥಾನಗಳಲ್ಲಿ ನಿಂತು ಅವವೇ ಕಟ್ಟಡಗಳನ್ನು ಮತ್ತೆ ಚಿತ್ರಿಸಿದುದರಿಂದ, ನೂರಿಪ್ಪತ್ತು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದನ್ನು ನಾವು ಜೋಡಿ ಚಿತ್ರಗಳಲ್ಲಿ ಹೋಲಿಸಿ ನೋಡಬಲ್ಲೆವು. ಕಲ್ಲಿಗೆ ದೊರೆತ ಈ ಭಾಗ್ಯ ಆಟಕ್ಕೆ ದೊರೆಯಲಿಲ್ಲ. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಬಳ್ಳಾರಿ ರಾಘವರು ಕೆಲವು ಚಲನಚಿತ್ರಗಳಲ್ಲಿ ನಟಿಸಿದರಾದರೂ, ಅವರನ್ನು ಅವರನ್ನಾಗಿ ಮಾಡಿದ ರಂಗಾಭಿನಯವನ್ನು ನಮ್ಮ ತಲೆಮಾರು ಕೇಳಿ ಬಲ್ಲುದೇ ಹೊರತು ಕಂಡು ಅರಿಯದು. ಈಗ ಹಳ್ಳಿಹಳ್ಳಿಗಳಲ್ಲಿ ಉಳಿದಿರುವ ವೃದ್ಧ ಕಲಾವಿದರ ಆಟವಾದರೂ ಅದರದೇ ಬೆಳಕಿನಲ್ಲಿ ಉಳಿಯಲೆಂಬುದು ನನ್ನ ಆಶೆ.

ಬೇರೊಂದು ಕಾರ್ಯಕ್ಕೆಂದು ನಿರ್ಮಿಸಿದ ಮಸೂರವನ್ನು ತಂದು ಚಲನಚಿತ್ರಕ್ಕೆ ಹೊಂದಿಸಿಕೊಳ್ಳುವುದು ಬಡವರ ಉಪಾಯವೆಂದು ಯಾರೂ ಕೀಳಾಗಿ ಕಾಣಬೇಕಾಗಿಲ್ಲ. ಸ್ಟ್ಯಾನ್ಲಿ ಕುಬ್ರಿಕ್ 1975ರಲ್ಲಿ ತೆರೆಗೆ ತಂದ ‘ಬ್ಯಾರಿ ಲಿಂಡನ್’ ಚಿತ್ರದಲ್ಲಿ, ಹದಿನೆಂಟನೆಯ ಶತಮಾನದ ಅರಮನೆಯ ಒಳಾಂಗಣಗಳನ್ನು ಮೇಣದಬತ್ತಿಯ ಬೆಳಕಿನಲ್ಲಿಯೇ ಚಿತ್ರಿಸಬೇಕೆಂಬ ಹಟ ಹಿಡಿದು, ಅಮೆರಿಕದ ನಾಸಾ ಸಂಸ್ಥೆಗಾಗಿ ಝೈಸ್ ಕಂಪನಿ ಕೇವಲ ಹತ್ತರ ಎಣಿಕೆಯಲ್ಲಿ ತಯಾರಿಸಿದ್ದ 50 ಮಿ.ಮೀ. ಎಫ್/0.7 ಲೆನ್ಸುಗಳಲ್ಲಿ ಮೂರನ್ನು ಕೊಂಡನು. ಆ ಲೆನ್ಸಿನ ಹಿಂಬದಿ ಫಿಲ್ಮಿಗೆ ಬಹು ಸಮೀಪದಲ್ಲಿ ಕೂರಬೇಕಾಗಿದ್ದುದರಿಂದ ಕ್ಯಾಮೆರಾದ ಬಾಯನ್ನೇ ಕೊರೆದು ತಿದ್ದಬೇಕಾಯಿತು. ನಮಗೆ ಅಂಥ ಕೊರೆತದ ಅಗತ್ಯವಿಲ್ಲ. ಅದಕ್ಕೆ ಕಾರಣ 2008ರಲ್ಲಿ ನಡೆದ ಒಂದು ಮಾರ್ಪಾಡು.

ಅದಕ್ಕೆ ಹಿಂದಿನ ಎಸ್ಎಲ್ಆರ್ ಕ್ಯಾಮೆರಾಗಳ ಒಡಲಿನಲ್ಲಿ, ಲೆನ್ಸಿನಿಂದ ಬಂದ ಬೆಳಕನ್ನು ಮೇಲಕ್ಕೆ ತಿರುಗಿಸಿ ನೋಡುವವನ ಕಣ್ಣಿಗೆ ಮುಟ್ಟಿಸುವ ಕನ್ನಡಿಯೊಂದು ಓರೆಯಾಗಿ ನಿಂತಿರುತ್ತಿತ್ತು. ಅದು ಮೇಲೇಳಲು ಜಾಗ ಬೇಕಾದ್ದರಿಂದ, ಲೆನ್ಸು ಕೂರುವ ಅಂಚಿನಿಂದ, ಎಂದರೆ ಮೌಂಟಿನಿಂದ, ಫಿಲ್ಮಿನವರೆಗೆ ಸುಮಾರು 45 ಮಿಲಿಮೀಟರುಗಳ ಅಂತರವನ್ನು ಕಾಯ್ದಿರಿಸುವುದು ಅವಶ್ಯವಾಗಿತ್ತು. 2008ರಲ್ಲಿ ಪ್ಯಾನಸೋನಿಕ್ ಕಂಪನಿ ಮೈಕ್ರೊ ಫೋರ್ ಥರ್ಡ್ಸ್ ಮಾದರಿಯ ಲೂಮಿಕ್ಸ್ ಜಿ1 ಎಂಬ ಕ್ಯಾಮೆರಾವನ್ನು ತಂದು ಆ ಕನ್ನಡಿಯನ್ನು ತೆಗೆದುಹಾಕಿದಾಗ ಅಂತರ 19.25 ಮಿ.ಮೀ.ಗೆ ಇಳಿಯಿತು, ಎರಡು ವರ್ಷಗಳ ತರುವಾಯ ಬಂದ ಸೋನಿಯ ಇ ಮೌಂಟಿನಲ್ಲಿ ಅದು 18 ಆಯಿತು. ಕನ್ನಡಿ ಬಿಟ್ಟುಹೋದ ಈ ತೆರವಿನಲ್ಲಿಯೇ ಹಳೆಯ ಲೆನ್ಸುಗಳ ಪುನರ್ಜನ್ಮದ ರಹಸ್ಯವಿದೆ. ಪ್ರತಿಯೊಂದು ಲೆನ್ಸೂ ತನ್ನ ಬೆನ್ನಿಗೆ ಇಂತಿಷ್ಟೇ ದೂರದಲ್ಲಿ ಸೆನ್ಸರು ಇರಬೇಕೆಂದು ನಿರೀಕ್ಷಿಸುತ್ತದೆ. ಅದು ಬಯಸುವ ದೂರ ಕ್ಯಾಮೆರಾದ ದೂರಕ್ಕಿಂತ ಹೆಚ್ಚಾಗಿದ್ದರೆ, ಕೊರತೆಯನ್ನು ಒಂದು ಲೋಹದ ಬಳೆಯಿಂದ ತುಂಬಬಹುದು. ಆ ಬಳೆಯೇ ಅಡಾಪ್ಟರ್. ಅದರೊಳಗೆ ಗಾಜಿಲ್ಲ, ತಂತಿಯಿಲ್ಲ. ಇರುವುದು ನಿಷ್ಕೃಷ್ಟವಾದ ಒಂದು ದಪ್ಪ ಮಾತ್ರ. ತಿರುಪಿನ ಬಾಯುಳ್ಳ ಎಂ42 ಲೆನ್ಸು ಬಯಸುವ ದೂರ 45.46 ಮಿ.ಮೀ.; ಅದನ್ನು ಸೋನಿಗೆ ಕೂಡಿಸುವ ಬಳೆಯ ದಪ್ಪ ಆದ್ದರಿಂದ 27.46 ಮಿ.ಮೀ. ನಿಕಾನಿನ ಹಳೆಯ ಎಫ್ ಮೌಂಟಿಗಾದರೆ 28.5. ಇಷ್ಟನ್ನು ಅರಿತವನು ಯಾವ ಲೆನ್ಸು ಯಾವ ಕ್ಯಾಮೆರಾಕ್ಕೆ ಕೂಡುತ್ತದೆಂಬುದನ್ನು ಅಂಗಡಿಯವನ ಮಾತಿಗೆ ಕಾಯದೆ ತಾನೇ ಕಳೆಯುವ ಲೆಕ್ಕದಿಂದ ಕಂಡುಕೊಳ್ಳಬಲ್ಲನು.

ಕಾವಲಿನ ಕ್ಯಾಮೆರಾದ, ಎಂದರೆ ಸಿಸಿಟಿವಿಯ ಲೆನ್ಸುಗಳ ಕಥೆ ಸ್ವಲ್ಪ ಬೇರೆ. ಇವುಗಳಲ್ಲಿ ಬಹುಪಾಲಿನ ತಿರುಪು ಒಂದು ಅಂಗುಲ ಅಗಲದ, ಅಂಗುಲಕ್ಕೆ 32 ಸುತ್ತುಗಳ ‘ಸಿ ಮೌಂಟ್’. ಇದು 1920ರ ದಶಕದ 16 ಮಿ.ಮೀ. ಚಲನಚಿತ್ರ ಕ್ಯಾಮೆರಾಗಳಿಂದ ಬಂದ ಬಳುವಳಿ. ಇದು ಬಯಸುವ ದೂರ 17.526 ಮಿ.ಮೀ. ಅದು 19.25ಕ್ಕಿಂತಲೂ 18ಕ್ಕಿಂತಲೂ ಕಡಿಮೆಯಾದುದರಿಂದ, ಇಲ್ಲಿ ಬಳೆ ಲೆನ್ಸನ್ನು ಮುಂದಕ್ಕೆ ತಳ್ಳುವುದರ ಬದಲು ಕ್ಯಾಮೆರಾದ ಬಾಯೊಳಗೆ ಒಂದಿಷ್ಟು ಇಳಿಸಬೇಕಾಗುತ್ತದೆ: ಮೈಕ್ರೊ ಫೋರ್ ಥರ್ಡ್ಸ್ ಕ್ಯಾಮೆರಾದಲ್ಲಿ ಸುಮಾರು 1.7 ಮಿ.ಮೀ., ಸೋನಿಯಲ್ಲಿ ಅರ್ಧ ಮಿ.ಮೀ.ನಷ್ಟು. ಲೆನ್ಸಿನ ಹಿಂಬದಿ ದಪ್ಪವಾಗಿದ್ದರೆ ಅದು ಬಳೆಯ ತಗ್ಗಿನಲ್ಲಿ ಇಳಿಯದೆ ಮೇಲೆಯೇ ನಿಂತುಬಿಡುತ್ತದೆ. ಆಗ ಹತ್ತಿರದ ವಸ್ತು ಸ್ಪಷ್ಟವಾಗುತ್ತದೆ, ದೂರದ ಗುಡ್ಡ ಎಂದಿಗೂ ಸ್ಪಷ್ಟವಾಗದು. ಹಿಂಬದಿ ಉದ್ದವಾಗಿ ಚಾಚಿಕೊಂಡಿದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಅದು ಒಳಗಿನ ಶಟರಿಗೆ ತಾಗುವ ಭಯವುಂಟು. ‘ಸಿಎಸ್’ ಎಂದು ಗುರುತು ಮಾಡಿದ ಲೆನ್ಸುಗಳನ್ನು ಮುಟ್ಟಲೇಬಾರದು. ಅವು ಬಯಸುವ ದೂರ 12.5 ಮಿ.ಮೀ. ಮಾತ್ರವಾದುದರಿಂದ ಯಾವ ಅಡಾಪ್ಟರಿನಿಂದಲೂ ದೂರದೃಷ್ಟಿ ಅವಕ್ಕೆ ಪ್ರಾಪ್ತವಾಗದು.

ಎರಡನೆಯ ಅಳತೆ ಬೆಳಕಿನ ವೃತ್ತದ್ದು. ಲೆನ್ಸು ತನ್ನ ಹಿಂದೆ ಮೂಡಿಸುವ ಬಿಂಬ ದುಂಡಗಿರುತ್ತದೆ, ಸೆನ್ಸರು ಆಯತಾಕಾರದ್ದು, ಆಯತದ ಕರ್ಣ ವೃತ್ತದ ವ್ಯಾಸಕ್ಕಿಂತ ದೊಡ್ಡದಾದರೆ, ತೊಟ್ಟಿಲಿನ ಹೊದಿಕೆಯನ್ನು ಮಂಚಕ್ಕೆ ಹೊದಿಸಿದಂತೆ ನಾಲ್ಕು ಮೂಲೆಗಳೂ ಬೆಳಕು ಕಾಣದೆ ಕಪ್ಪಾಗಿ ಉಳಿಯುತ್ತವೆ. ಮೈಕ್ರೊ ಫೋರ್ ಥರ್ಡ್ಸ್ ಸೆನ್ಸರಿನ ಕರ್ಣ ಸುಮಾರು 22 ಮಿ.ಮೀ., ವಿಡಿಯೊದ 16:9ರ ಚೌಕಟ್ಟಿನಲ್ಲಿ 20ರಷ್ಟು, ಎಪಿಎಸ್-ಸಿಯದು 28, ಫುಲ್ ಫ್ರೇಮಿನದು 43. ಸಿಸಿಟಿವಿ ಲೆನ್ಸಿನ ಮೈಮೇಲೆ 1/3, 2/3, 1 ಎಂದು ಅಂಗುಲದಲ್ಲಿ ಬರೆದಿರುವುದನ್ನು ಕಂಡು ಒಂದು ಅಂಗುಲವೆಂದರೆ 25 ಮಿ.ಮೀ. ಎಂದು ತಿಳಿದು ಮೋಸಹೋದವರು ಅನೇಕರು. ಅದು ಹಿಂದಿನ ದೂರದರ್ಶನ ಕ್ಯಾಮೆರಾಗಳಲ್ಲಿದ್ದ ನಿರ್ವಾತ ಕೊಳವೆಯ ಹೊರಮೈ ಅಗಲ. ಒಳಗೆ ಬಿಂಬ ಮೂಡುತ್ತಿದ್ದ ಭಾಗ ಅದಕ್ಕಿಂತ ಬಹಳ ಕಿರಿದು. ಆದುದರಿಂದ 1/3 ಎಂದರೆ 6 ಮಿ.ಮೀ. ಕರ್ಣ, 2/3 ಎಂದರೆ 11, 1 ಎಂದರೆ 16. ಬ್ಯಾಂಕಿನ ಮೂಲೆಯಲ್ಲಿಯೋ ಸಿರುಗುಪ್ಪದ ಅಕ್ಕಿ ಗಿರಣಿಯ ಬಾಗಿಲಲ್ಲಿಯೋ ಅಗಲವಾದ ನೋಟಕ್ಕೆಂದು ಹಾಕುವ 4 ಅಥವಾ 6 ಮಿ.ಮೀ. ಲೆನ್ಸುಗಳು ನಮ್ಮ ಕ್ಯಾಮೆರಾದಲ್ಲಿ ಕಪ್ಪಿನ ನಡುವೆ ಒಂದು ನಾಣ್ಯದಷ್ಟು ಚಿತ್ರವನ್ನು ಕೊಟ್ಟು ಸುಮ್ಮನಾಗುತ್ತವೆ. ಸಂಗಮದೂರ ಹೆಚ್ಚಿದಂತೆ ಬಿಂಬದ ವೃತ್ತ ಸಾಮಾನ್ಯವಾಗಿ ವಿಶಾಲವಾಗುವುದರಿಂದ, 25 ಮಿ.ಮೀ. ಎಫ್/1.4ರ ಲೆನ್ಸು ಮೈಕ್ರೊ ಫೋರ್ ಥರ್ಡ್ಸಿಗೆ ಮೂಲೆಗಳು ಕೊಂಚ ಮಸುಕಾದರೂ ಸಾಲುತ್ತದೆ. ಎಪಿಎಸ್-ಸಿಗೆ 35 ಅಥವಾ 50 ಮಿ.ಮೀ. ಬೇಕು. ಫುಲ್ ಫ್ರೇಮ್ ಉಳ್ಳವರು ಈ ಸಣ್ಣ ಲೆನ್ಸುಗಳ ಆಸೆಯನ್ನು ಬಿಟ್ಟು ಹಳೆಯ ಎಸ್ಎಲ್ಆರ್ ಲೆನ್ಸುಗಳ ಕಡೆಗೆ ತಿರುಗುವುದು ಲೇಸು.

ಕೊಳ್ಳುವಾಗ ಇನ್ನೊಂದನ್ನು ನೋಡಬೇಕು. ಲೆನ್ಸಿನಿಂದ ತೆಳುವಾದ ತಂತಿಯೊಂದು ಹೊರಟಿದ್ದರೆ ಅದು ಕಂಡಿಯನ್ನು ತಾನೇ ತೆರೆದು ಮುಚ್ಚುವ ಐರಿಸ್ಸಿನದು. ಅಂಥವುಗಳಲ್ಲಿ ಬಹುತೇಕ ವಿದ್ಯುತ್ತು ದೊರೆಯದಾಗ ಕಂಡಿಯನ್ನು ಮುಚ್ಚಿಕೊಂಡೇ ಇರುತ್ತವೆ. ಫೋಕಸಿಗೊಂದು, ಐರಿಸ್ಸಿಗೊಂದು ಎಂದು ಕೈಯಿಂದ ತಿರುಗಿಸುವ ಎರಡು ಬಳೆಗಳೂ, ಅವುಗಳನ್ನು ಬಿಗಿದಿಡುವ ಪುಟ್ಟ ಸ್ಕ್ರೂಗಳೂ ಇರುವ ಲೆನ್ಸೇ ನಮಗೆ ಬೇಕಾದದ್ದು. ಇದರ ಐರಿಸ್ ಬಳೆ ಟಕಟಕನೆ ಮೆಟ್ಟಿಲಿಳಿಯದೆ ನುಣ್ಣಗೆ ಸರಿಯುವುದರಿಂದ, ಆಟದ ನಡುವೆ ಬೆಳಕು ಏರಿಳಿದಾಗ ಚಿತ್ರ ಜಿಗಿಯದಂತೆ ಹೊಂದಿಸಬಹುದು. ಸಾಮಾನ್ಯವಾಗಿ ದುಬಾರಿ ಸಿನಿಮಾ ಲೆನ್ಸುಗಳು ಕೊಡುವ ಈ ಸೌಕರ್ಯ ಇಲ್ಲಿ ಅನಾಯಾಸವಾಗಿ ದೊರೆಯುತ್ತದೆ.

ಹಳೆಯ ಎಸ್ಎಲ್ಆರ್ ಲೆನ್ಸುಗಳ ಪೈಕಿ ಹೆಚ್ಚು ಹೆಸರಾದದ್ದು ರಷ್ಯದ ಹೀಲಿಯೊಸ್ 44, 58 ಮಿ.ಮೀ. ಎಫ್/2. ಝೈಸ್ ಕಂಪನಿಯ ವಿಲ್ಲಿ ಮರ್ಟೆ 1927ರಲ್ಲಿ ರೂಪಿಸಿದ ಬಯೋಟಾರ್ ಎಂಬ ಮಸೂರದ ವಂಶದ್ದಾದ ಇದು, ಎರಡನೆಯ ಮಹಾಯುದ್ಧದ ತರುವಾಯ ಸೋವಿಯತ್ ಕಾರ್ಖಾನೆಗಳಲ್ಲಿ ಅಪಾರ ಸಂಖ್ಯೆಯಲ್ಲಿ ತಯಾರಾಯಿತು. ಎಲೆಗಳ ನಡುವಿನಿಂದ ಬೆಳಕು ತೂರಿಬರುವ ಹಿನ್ನೆಲೆಯಿದ್ದಾಗ, ಆ ಬೆಳಕಿನ ಚುಕ್ಕೆಗಳು ಚಿತ್ರದ ಅಂಚಿನಲ್ಲಿ ಸುಳಿಯಾಗಿ ತಿರುಗುತ್ತಿರುವಂತೆ ತೋರುವುದು ಇದರ ವಿಶೇಷ. ಸಿರುಗುಪ್ಪದ ಕಡೆ ತುಂಗಭದ್ರೆಯ ನೀರುಂಡ ಭತ್ತದ ಗದ್ದೆಗಳಲ್ಲಿ, ಸೂರ್ಯ ಇಳಿಯುವ ಹೊತ್ತಿಗೆ ನಾಟಿ ಮಾಡುವವರನ್ನು ಎದುರುಬೆಳಕಿನಲ್ಲಿ ಚಿತ್ರಿಸಿದರೆ ಅದರ ಚೆಲುವು ಕಾಣುತ್ತದೆ. ಹಾಗೆಂದು ಆ ಸುಳಿಯನ್ನೇ ಕಲೆಯೆಂದು ಭ್ರಮಿಸಿ ಎಲ್ಲ ದೃಶ್ಯದಲ್ಲಿಯೂ ತುರುಕುವುದು ನನಗೆ ಒಪ್ಪಿಗೆಯಿಲ್ಲದ ಮಾತು. ಲೆನ್ಸಿನ ದೋಷ ದೋಷವೇ, ಅದು ಒಂದೊಂದು ಕಡೆ ಭೂಷಣವಾಗಿ ಒದಗುತ್ತದೆ, ಅಷ್ಟೇ. ಪೆಂಟಾಕ್ಸಿನ ಸೂಪರ್ ಟಾಕುಮಾರ್ 50 ಮಿ.ಮೀ. ಎಫ್/1.4 ಎಂಬುದು ಇನ್ನೂ ಬೆಳಕುಳ್ಳ ಲೆನ್ಸು. ಅದರ ಹಲವು ಮಾದರಿಗಳಲ್ಲಿ ಥೋರಿಯಂ ಬೆರೆತ ಗಾಜನ್ನು ಬಳಸಿರುವುದರಿಂದ ಕಾಲಾಂತರದಲ್ಲಿ ಅದು ಚಹದ ಬಣ್ಣಕ್ಕೆ ತಿರುಗುತ್ತದೆ. ನೇರಳಾತೀತ ದೀಪದ ಕೆಳಗೆ ಕೆಲವು ದಿನ ಇಟ್ಟರೆ ಆ ಬಣ್ಣ ಇಳಿಯುತ್ತದೆ. ಎಂ42 ಲೆನ್ಸುಗಳ ಹಿಂದೆ ಪುಟ್ಟ ಕಡ್ಡಿಯೊಂದಿದ್ದರೆ, ಅದನ್ನು ಒತ್ತಿಹಿಡಿಯುವ ಅಂಚಿರುವ ಅಡಾಪ್ಟರನ್ನೇ ಕೇಳಿ ಪಡೆಯಬೇಕು. ಇಲ್ಲವಾದರೆ ಐರಿಸ್ ಬಳೆಯನ್ನು ಎಷ್ಟು ತಿರುಗಿಸಿದರೂ ಕಂಡಿ ಕಿರಿದಾಗದು.

ಬಳ್ಳಾರಿಯ ಒಣ ಹವೆ ಹಳೆಯ ಗಾಜಿಗೆ ಒಂದು ರೀತಿಯಲ್ಲಿ ಉಪಕಾರಿ. ಕರಾವಳಿಯಲ್ಲಿ ಲೆನ್ಸನ್ನು ಕಾಡುವ ಬೂಷ್ಟು ಇಲ್ಲಿ ಅಷ್ಟಾಗಿ ಹಿಡಿಯದು. ಆದರೆ 40 ಡಿಗ್ರಿ ದಾಟುವ ಬೇಸಗೆಯಲ್ಲಿ ಒಳಗಿನ ಗ್ರೀಸು ಕರಗಿ ಐರಿಸ್ಸಿನ ಎಸಳುಗಳ ಮೇಲೆ ಹರಿದಿರುವುದುಂಟು, ಗಣಿಯ ಕೆಂಪು ದೂಳು ಬಳೆಗಳ ಸಂದಿಯಲ್ಲಿ ಹೊಕ್ಕು ಕರಕರ ಎನ್ನಿಸುವುದುಂಟು. ಕೊಳ್ಳುವ ಮುನ್ನ ಕಂಡಿಯನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ ನೋಡಬೇಕು. ಸಣ್ಣ ಗೀರು, ಒಂದೆರಡು ದೂಳಿನ ಕಣಗಳಿಂದ ಚಿತ್ರಕ್ಕೆ ಬಾಧೆಯಿಲ್ಲ. ಮಂಜು ಕವಿದಂತಿದ್ದರೆ, ಜೇಡರ ಬಲೆಯಂತೆ ಬೂಷ್ಟು ಹರಡಿದ್ದರೆ ಬೇಡ.

ಈ ಲೆನ್ಸುಗಳಿಂದ ಆಗದ ಕಾರ್ಯಗಳೂ ಇವೆ, ಅವನ್ನು ಮುಚ್ಚಿಡಬಾರದು. ಕುರುಗೋಡಿನ ದೊಡ್ಡಬಸವೇಶ್ವರ ದೇವಾಲಯದ ಏಕಶಿಲೆಯ ಮಹಾಕಾಯ ಬಸವನನ್ನು ಗುಡಿಯೊಳಗೆ ಸಮೀಪದಲ್ಲಿ ನಿಂತು ಚಿತ್ರಿಸಹೋದರೆ, 50 ಮಿ.ಮೀ. ಲೆನ್ಸು ಎಪಿಎಸ್-ಸಿ ಕ್ಯಾಮೆರಾದ ಮೇಲೆ ಫುಲ್ ಫ್ರೇಮಿನ 75 ಮಿ.ಮೀ.ನಷ್ಟು ಇಕ್ಕಟ್ಟಾದ ನೋಟವನ್ನು ಕೊಡುವುದರಿಂದ, ಮುಖದ ಒಂದು ಭಾಗ ಬಂದೀತೇ ಹೊರತು ಆಕೃತಿಯ ಭವ್ಯತೆ ಬಾರದು. ಅಲ್ಲಿ, ಆಡಳಿತದವರ ಅನುಮತಿ ಪಡೆದು, ಕ್ಯಾಮೆರಾದೊಡನೆ ಬಂದ ಜೂಮ್ ಲೆನ್ಸಿನ ಅಗಲ ತುದಿಯನ್ನೇ ಬಳಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸುವುದೇ ಸರಿ. ಅದೇ ಊರಿನ ತೇರಿನ ಸಂಜೆ, ದೂರದಲ್ಲಿ ನಿಂತು ಜನರ ಮುಖಗಳನ್ನು ಆಯ್ದು ಚಿತ್ರಿಸುವಾಗ ಹಳೆಯ 50 ಬಹಳ ಉಪಯುಕ್ತ. ಬಳ್ಳಾರಿ ಗುಡ್ಡದ ಬಂಡೆಗಳ ಮೇಲೆ ನಡುಹಗಲಿನಲ್ಲಿಯೂ ಹಾಗೆಯೇ ತೊಡಕು. ವಿಡಿಯೊಕ್ಕೆ ಶಟರು ಸೆಕೆಂಡಿನ 1/50ರಲ್ಲಿ ನಿಲ್ಲಬೇಕಾದುದರಿಂದ, ಐಎಸ್ಒ 100ರಲ್ಲಿಯೂ ಆ ಬಿಸಿಲು ಎಫ್/22ನ್ನು ಕೇಳುತ್ತದೆ. ಎಫ್/2ರಲ್ಲಿ ಚಿತ್ರಿಸುವ ಇಚ್ಛೆಯಿದ್ದರೆ ಬೆಳಕನ್ನು 128ರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ ಫಿಲ್ಟರು ಬೇಕು. ಹಳೆಯ ಗಾಜಿನ ಲೇಪನ ತೆಳುವಾದ್ದರಿಂದ ಎದುರುಬಿಸಿಲಿಗೆ ಚಿತ್ರವೆಲ್ಲ ಹಾಲು ಬೆರೆತಂತಾಗುತ್ತದೆ, ಹುಡ್ ಹಾಕದೆ ಹೊರಡಬಾರದು. ಇವುಗಳಿಂದ ಚೆನ್ನಾಗಿ ಆಗುವ ಹಗಲಿನ ಕಾರ್ಯವೂ ಒಂದುಂಟು. ಸಂಗನಕಲ್ಲಿನ ಪ್ರಾಚೀನ ನೆಲೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದನಷ್ಟೆ. ಆ ಸುತ್ತಿನ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಎತ್ತುಗಳ ರೇಖೆಗಳು ಮುಂಜಾನೆಯ ಓರೆಬೆಳಕಿನಲ್ಲಿ ಚೆನ್ನಾಗಿ ಎದ್ದು ಕಾಣುತ್ತವೆ. ಅವನ್ನು ಸಮೀಪದಿಂದ ತೋರಿಸಲು, ಸಿ ಮೌಂಟ್ ಲೆನ್ಸಿನ ಹಿಂದೆ ಹಾಕುವ 5 ಮಿ.ಮೀ. ಬಳೆಯೊಂದು ಸಾಕು.

ಇನ್ನು ಇರುಳಿನ ಆಟಕ್ಕೆ ಬರೋಣ. ಕ್ಯಾಮೆರಾ ಈ ಲೆನ್ಸುಗಳನ್ನು ಗುರುತಿಸಲಾರದಾದುದರಿಂದ, ಲೆನ್ಸಿಲ್ಲದೆಯೂ ಶಟರು ನಡೆಯಲಿ ಎಂಬ ಆಯ್ಕೆಯನ್ನು ಮೆನುವಿನಲ್ಲಿ ಮೊದಲು ತೆರೆದಿಡಬೇಕು. ಕ್ಯಾಮೆರಾದೊಳಗೆ ನಡುಕ ತಡೆಯುವ ವ್ಯವಸ್ಥೆಯಿದ್ದರೆ ಲೆನ್ಸಿನ ಸಂಗಮದೂರವನ್ನು ಅದಕ್ಕೆ ನಾವೇ ತಿಳಿಸಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು, ದೀಪಗಳು 100 ಸಾರಿ ಮಿನುಗುತ್ತವೆ; ಆದ್ದರಿಂದ ಸೆಕೆಂಡಿಗೆ 25 ಚೌಕಟ್ಟು, ಶಟರು 1/50 ಎಂದು ನಿಗದಿಮಾಡಿದರೆ ಟ್ಯೂಬ್‌ಲೈಟಿನ ಪಟ್ಟೆಗಳು ಚಿತ್ರದಲ್ಲಿ ಓಡುವುದಿಲ್ಲ, 1/60 ಇಟ್ಟರೆ ಓಡುತ್ತವೆ.

ಕಷ್ಟವಿರುವುದು ಫೋಕಸಿನಲ್ಲಿ. ಎಪಿಎಸ್-ಸಿ ಕ್ಯಾಮೆರಾದ ಮೇಲೆ 50 ಮಿ.ಮೀ. ಲೆನ್ಸನ್ನು ಎಫ್/1.4ರಲ್ಲಿ ತೆರೆದು 4 ಮೀಟರ್ ದೂರದ ನಟನನ್ನು ನೋಡಿದರೆ, ಸ್ಪಷ್ಟವಾಗಿ ಉಳಿಯುವ ಆಳ 36 ಸೆಂಟಿಮೀಟರಿನ ಆಸುಪಾಸು. ದುರ್ಯೋಧನ ಎರಡು ಹೆಜ್ಜೆ ಮುಂದೆ ಹಾರಿದನೆಂದರೆ ಮಸುಕಾದನು. ಮೈಕ್ರೊ ಫೋರ್ ಥರ್ಡ್ಸಿನ ಮೇಲೆ 25 ಮಿ.ಮೀ. ಸಿಸಿಟಿವಿ ಲೆನ್ಸಾದರೆ ಅದೇ ದೂರದಲ್ಲಿ ಅದೇ ಎಫ್/1.4ರಲ್ಲಿ ಒಂದು ಮೀಟರಿನಷ್ಟು ಆಳ ದೊರೆಯುವುದರಿಂದ, ಕುಣಿತದ ಬಹುಪಾಲು ಅದರೊಳಗೆ ಅಡಗುತ್ತದೆ. ಬಯಲಾಟಕ್ಕೆ ಈ ಕಿರಿಯ ಲೆನ್ಸನ್ನೇ ನಾನು ಮೆಚ್ಚುವುದಕ್ಕೆ ಕಾರಣ ಇದೇ. ತೊಗಲುಗೊಂಬೆಗೆ ಆಳದ ಚಿಂತೆಯೇ ಇಲ್ಲ. ಗೊಂಬೆಗಳೆಲ್ಲವೂ ಒಂದೇ ಪರದೆಗೆ ಒತ್ತಿಕೊಂಡೇ ಆಡುವುದರಿಂದ, ಒಮ್ಮೆ ಪರದೆಯ ನೇಯ್ಗೆಗೆ ಫೋಕಸ್ ಹಿಡಿದು ಸ್ಕ್ರೂ ಬಿಗಿದರೆ ಆಟ ಮುಗಿಯುವತನಕ ಮುಟ್ಟಬೇಕಾಗಿಲ್ಲ. ಆದರೆ ಈ ಲೆನ್ಸುಗಳ ಸ್ಪಷ್ಟತೆಯ ತಲ ಸಮತಟ್ಟಾಗಿರದೆ ಬಟ್ಟಲಿನಂತೆ ಬಾಗಿರುವುದರಿಂದ, ಪರದೆಯನ್ನು ಚೌಕಟ್ಟಿನ ಅಂಚಿನವರೆಗೆ ತುಂಬದೆ, ಸುತ್ತಲೂ ಕತ್ತಲಿನ ಅಂಚೊಂದನ್ನು ಬಿಟ್ಟರೆ ಮೂಲೆಯ ಮಸುಕು ಕಣ್ಣಿಗೆ ಬೀಳದು.

ಅಡಾಪ್ಟರುಗಳನ್ನು ಮಾಡುವವರು, ದೂರದ ವಸ್ತು ತಪ್ಪದೆ ಸ್ಪಷ್ಟವಾಗಲೆಂದು ಬಳೆಯನ್ನು ಒಂದು ಕೂದಲೆಳೆ ತೆಳುವಾಗಿಯೇ ಕಡೆಯುತ್ತಾರೆ. ಇದರಿಂದ ಲೆನ್ಸಿನ ಮೈಮೇಲೆ ಕೊರೆದಿರುವ ಮೀಟರು ಅಡಿಗಳ ಅಂಕಿಗಳು ಸುಳ್ಳಾಗುತ್ತವೆ. ಆದಕಾರಣ ತಾಲೀಮಿನ ದಿನವೇ ಮೇಳದವರ ಒಪ್ಪಿಗೆಯಿಂದ ಅಟ್ಟದ ಬಳಿ ಹೋಗಿ, ಕ್ಯಾಮೆರಾ ನಿಲ್ಲುವ ಸ್ಥಳವನ್ನು ನಿಶ್ಚಯಿಸಿ, ಫೋಕಸ್ ಬಳೆಯ ಸುತ್ತ ಬಿಳಿಯ ಟೇಪನ್ನು ಅಂಟಿಸಿ, ತೆರೆಯನ್ನು ಹಿಗ್ಗಿಸಿ ನೋಡಿ, ಭಾಗವತರು ನಿಲ್ಲುವ ಜಾಗಕ್ಕೆ ಒಂದು ಗೆರೆ, ಸಿಂಹಾಸನದ ಕುರ್ಚಿಗೆ ಒಂದು ಗೆರೆ, ವೇಷಗಳು ಬಂದು ಕುಣಿಯುವ ಅಟ್ಟದ ಮುಂಭಾಗಕ್ಕೆ ಒಂದು ಗೆರೆ ಹೀಗೆ ಪೆನ್ಸಿಲಿನಿಂದ ಗುರುತು ಮಾಡಿಟ್ಟುಕೊಳ್ಳಬೇಕು.